ಗೂಬೆ ಹೋಗಿ ದೆವ್ವ ಬಂತು

ಮುಂಬೈಯ ಭಾಂಡುಪ್ ಸ್ಟೇಷನ್ ಹೊರಗಿನ ಆ ಫ್ಲೆಕ್ಸನ್ನು ನೀವೂ ನೋಡಿರುತ್ತೀರಿ. ನಮ್ಮ ಶೆಟ್ಟರ ಮಗನಿಗೆ ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎಂ.ಎಸ್. ಸೀಟು ಸಿಕ್ಕಿದ್ದಕ್ಕೆ ‘ಹಾರ್ದಿಕ ಅಭಿನಂದನ’. ಮೇಲ್ಗಡೆ ದೊಡ್ಡ ಸಾಹೇಬರು ಕೈ ಮುಗಿದು ನಿಂತಿದ್ದಾರೆ. ನಡುವೆ ಕಪ್ಪು ಕನ್ನಡಕದ ‘ಭಾವೀ ನಗರಸೇವಕರು’, ಅಂದರೆ ಮುಂದೆ ಪಾಲಿಕೆ ಸದಸ್ಯರಾಗುವವರು. ಸುತ್ತ ಫೋನು ಕಿವಿಗಿಟ್ಟುಕೊಂಡ ಕಾರ್ಯಕರ್ತರ ಸಾಲು. ಹುಡುಗ ಎಡ ಮೂಲೆಯಲ್ಲಿ, ಪಾಸ್‌ಪೋರ್ಟ್ ಸೈಜಿನಲ್ಲಿ. ಸಾಲ ಶೆಟ್ಟರದ್ದು, ಓದು ಹುಡುಗನದ್ದು, ಅಭಿನಂದನೆ ಮಾತ್ರ ಕನ್ನಡಕದ್ದು.

ಇರಲಿ, ಹೆಮ್ಮೆಯ ವಿಷಯವೇ. ಹೊಸತನದಲ್ಲಿ ನಾವು ಸ್ಟ್ಯಾನ್‌ಫರ್ಡ್, ಎಂಐಟಿಗಳಿಗಿಂತಲೂ ಮುಂದೆ ಅಂತ ಆ ಯೂನಿವರ್ಸಿಟಿ ವರ್ಷಾ ವರ್ಷಾ ಡಂಗುರ ಹೊಡೆಯುತ್ತದೆ. ವಿದ್ಯಾರ್ಥಿಗಳ ಲೆಕ್ಕ ಲಕ್ಷ ದಾಟಿದೆ. ಆದರೆ ಅದು ಹುಟ್ಟಿದ್ದು ಮಾಸ್ಟ್ರುಗಳನ್ನು ತಯಾರು ಮಾಡುವ ಶಾಲೆಯಾಗಿ. 1885ರಲ್ಲಿ ಟೆಂಪಿ ಅನ್ನುವ ಊರಿನಲ್ಲಿ, ದನ ಮೇಯುತ್ತಿದ್ದ 20 ಎಕರೆ ಜಾಗದಲ್ಲಿ. ಮರುವರ್ಷ ಫೆಬ್ರವರಿಯಲ್ಲಿ ಪಾಠ ಶುರುವಾದಾಗ ಇದ್ದಿದ್ದು 33 ವಿದ್ಯಾರ್ಥಿಗಳು, ನಾಲ್ಕು ಕೋಣೆ, ಒಬ್ಬರೇ ಮಾಸ್ಟ್ರು. ಹೆಚ್ಚು ಕಡಿಮೆ ನಮ್ಮ ಮುಂಬೈ ಪಾಲಿಕೆಯ ಕನ್ನಡ ಶಾಲೆಗಳ ಈಗಿನ ಸ್ಥಿತಿ. ಅಂದರೆ ನಮ್ಮ ಶಾಲೆಗಳಿಗೂ ಭವಿಷ್ಯ ಇದೆ ಅಂತಾಯಿತು. 140 ವರ್ಷ ಕಾದರೆ ಸಾಕು.

ಆ ಶಾಲೆ ಮುಂದೆ ಟೀಚರ್ಸ್ ಕಾಲೇಜಾಯಿತು, ಆಮೇಲೆ ಬರೀ ಕಾಲೇಜಾಯಿತು. 1958ರಲ್ಲಿ ರಾಜ್ಯದ ಜನರೇ ವೋಟು ಹಾಕಿ ಅದನ್ನು ಯೂನಿವರ್ಸಿಟಿ ಮಾಡಿದರು. ನನಗೆ ಖುಷಿ ಕೊಟ್ಟಿದ್ದು ಇದಲ್ಲ, ಅವರ ಆಟದ ತಂಡದ ಲಾಂಛನ. ಮಾಸ್ಟ್ರುಗಳ ಶಾಲೆ ಆಗಿದ್ದಾಗ ಗೂಬೆ. ಟೀಚರ್ಸ್ ಕಾಲೇಜಾದಾಗ ಬುಲ್‌ಡಾಗ್. 1946ರಿಂದ ಕೈಯಲ್ಲಿ ತ್ರಿಶೂಲ ಹಿಡಿದ ದೆವ್ವ! ಗೂಬೆ ಅಲ್ಲಿ ಜಾಣತನದ ಗುರುತಂತೆ. ನಮ್ಮಲ್ಲಾಗಿದ್ದರೆ ಬದಲಾಯಿಸುವ ಪ್ರಶ್ನೆಯೇ ಬರುತ್ತಿರಲಿಲ್ಲ. ಮಗು ಫೇಲಾಗಲಿ, ಮಧ್ಯಾಹ್ನದ ಕಿಚಡಿ ಹಳಸಲಿ, ಮತದಾರರ ಪಟ್ಟಿಯಲ್ಲಿ ಸತ್ತವರ ಹೆಸರು ಉಳಿಯಲಿ, ಗೂಬೆ ಕೂರಿಸಲು ಮಾಸ್ಟ್ರ ತಲೆ ಇದ್ದೇ ಇದೆಯಲ್ವಾ?

ಅಲ್ಲಿಯ ಯೂನಿವರ್ಸಿಟಿಯ ಒಂದು ಮೂಲೆಯಲ್ಲಿ ಟೀಚರ್ಸ್ ಕಾಲೇಜು ಅನ್ನುವ ಬೋರ್ಡು ಉಳಿದಿತ್ತು. ಮೊನ್ನೆ ಮೊನ್ನೆ ಅದನ್ನೂ ಇಳಿಸಿ ‘ಬೋಧನೆ ಮತ್ತು ಕಲಿಕೆಯ ಹೊಸತನದ ಕಾಲೇಜು’ ಅನ್ನುವ ಅರ್ಥ ಬರುವ ಉದ್ದನೆಯ ಹೆಸರಿಟ್ಟರು. ಬೋಧನೆ ಇದೆ, ಕಲಿಕೆ ಇದೆ, ಮಾಸ್ಟ್ರು ಮಾತ್ರ ಬೋರ್ಡಿನಿಂದ ಕಾಣೆ. ಇನ್ನೂ ಚಂದದ ಸಂಗತಿ, ಅದೇ ಅರಿಜೋನಾದಲ್ಲಿ ಶಾಲೆಗಳಿಗೆ ಮಾಸ್ಟ್ರುಗಳೇ ಸಿಗುತ್ತಿಲ್ಲ. 2022ರಲ್ಲಿ, ಡಿಗ್ರಿ ಓದುತ್ತಾ ಇರುವವರೂ ಪಾಠ ಮಾಡಬಹುದು ಅಂತ ಕಾನೂನು ಮಾಡಿಕೊಂಡರು.

ನಗಬೇಡಿ. ನಾವು ಅವರಿಗಿಂತ ಮುಂದಿದ್ದೇವೆ. ಮಹಾರಾಷ್ಟ್ರದಲ್ಲಿ ಹೊಸ ಮಾಸ್ಟ್ರು ಮೊದಲ ಮೂರು ವರ್ಷ ಮಾಸ್ಟ್ರೇ ಅಲ್ಲ, ‘ಶಿಕ್ಷಣ ಸೇವಕ’. ಸಂಬಳ ಅನ್ನಬಾರದು, ಮಾನಧನ ಅನ್ನಬೇಕು. 2023ರಲ್ಲಿ ಏರಿಸಿದ ಮೇಲೆ ಪ್ರಾಥಮಿಕ ಶಾಲೆಯಲ್ಲಿ ಅದು ತಿಂಗಳಿಗೆ 16,000 ರೂಪಾಯಿ. ಹಳಬರಿಗೂ ನಿದ್ದೆ ಇಲ್ಲ. ಐದು ವರ್ಷಕ್ಕಿಂತ ಜಾಸ್ತಿ ಸರ್ವಿಸ್ ಉಳಿದವರು ಎರಡು ವರ್ಷದೊಳಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಬೇಕು ಅಂತ 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಐವತ್ತು ದಾಟಿದ ಮಾಸ್ಟ್ರು ಈಗ ಲೋಕಲ್ ಟ್ರೈನಿನಲ್ಲಿ ಗೈಡು ಬಿಡಿಸಿ ಕೂತಿದ್ದಾರೆ. ಪರೀಕ್ಷೆ ಬೇಡ ಅನ್ನುತ್ತಿಲ್ಲ. ಆದರೆ ಇದೇ ಟಿಇಟಿ ಹಗರಣದಲ್ಲಿ, ಪರೀಕ್ಷೆ ನಡೆಸುವ ಪರಿಷತ್ತಿನ ಆಯುಕ್ತರನ್ನೇ ಪುಣೆ ಪೊಲೀಸರು 2021ರ ಡಿಸೆಂಬರಿನಲ್ಲಿ ಬಂಧಿಸಿದ್ದರು. ಪುಣೆಯ ಯೂನಿವರ್ಸಿಟಿಗೆ ಯಾರ ಹೆಸರಿದೆ ಹೇಳಿ? ಸಾವಿತ್ರಿಬಾಯಿ ಫುಲೆ. ಟೀಚರ್ ಟ್ರೇನಿಂಗ್ ಮುಗಿಸಿ, ಸಗಣಿ ಎಸೆತ ತಿಂದು ಪಾಠ ಮಾಡಿದಾಕೆ. ಹೆಸರಿಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಕಾಲೇಜಿನ ಕತೆ ಕೇಳಲೇಬೇಡಿ. ಅಲ್ಲಿ ‘ತಾಸಿಕಾ ತತ್ವ’. ಮಾಡಿದ ತಾಸಿಗೆ ದುಡ್ಡು. ದೀಪಾವಳಿ ರಜೆಗಿಲ್ಲ, ಮೇ ತಿಂಗಳಿಗಿಲ್ಲ. ಆ ಬಿಲ್ಲು ಪಾಸಾಗುವುದಕ್ಕೂ ತಿಂಗಳುಗಟ್ಟಲೆ. ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುವಾಗ ಫೈಲು ಜೋಡಿಸುವ ತಾಸು ಯಾವ ಲೆಕ್ಕಕ್ಕೂ ಇಲ್ಲ. ಎಷ್ಟು ವರ್ಷದಿಂದ ಇದನ್ನೇ ಬರೆಯುತ್ತಿದ್ದೇವೆ, ಓದುತ್ತಿದ್ದೇವೆ? ವ್ಯಂಗ್ಯ ಮಾಡಿ ಮಾಡಿ ಸಾಕಾಗಿದೆ. ಪಿಎಚ್.ಡಿ. ಮಾಡಿದ ಮನುಷ್ಯನನ್ನು ತಾಸಿನ ಲೆಕ್ಕದಲ್ಲಿ ಕೂಲಿಗೆ ಕರೆದು, ಆ ಕೂಲಿಯನ್ನೂ ಬಾಕಿ ಇಡುವುದು ಅನ್ಯಾಯ. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ.

ಶೆಟ್ಟರ ಮಗನಿಗೆ ಅರಿಜೋನಾಕ್ಕೆ ಶಿಫಾರಸು ಪತ್ರ ಕೊಟ್ಟವರೂ ಒಬ್ಬ ತಾಸಿಕೆಯವರೇ, ಕುಂದಾಪುರದ ಕಡೆಯವರು. ಹುಡುಗನೇ ಬರೆದು ತಂದಿದ್ದನ್ನು ಓದಿ, ಎರಡು ಸ್ಪೆಲಿಂಗ್ ತಿದ್ದಿ, ಸಹಿ ಹಾಕಿದರು. “ಎಂತ ಮಾರಾಯ್ರೆ, ನನಗೇ ಈ ವರ್ಷದ ಆರ್ಡರ್ ಬರಲಿಲ್ಲ. ಇವನಿಗೆ ನಾನು ಶಿಫಾರಸು!” ಅಂದರು. ಸಹಿಯ ಕೆಳಗೆ ಅಸಿಸ್ಟೆಂಟ್ ಪ್ರೊಫೆಸರ್ ಅಂತ ಬರೆದಿದ್ದರು. ಲೆಟರ್‌ಹೆಡ್ ಪರ್ಮನೆಂಟ್ ಆದವರಿಗೆ ಮಾತ್ರ ಅಂತ ಆಫೀಸಿನವರು ತಕರಾರು ತೆಗೆದರು. ಕೊನೆಗೆ ಬಿಳಿ ಹಾಳೆಯಲ್ಲೇ ಹೋಯಿತು. ಅರಿಜೋನಾದವರು ಒಪ್ಪಿದರು.