ಅಪ್ಪನಿಗೆ ವೆಸ್ಟ್, ಮಗನಿಗೆ ಬ್ಯಾಗು

ಕಬ್ಬನ್ ಪಾರ್ಕಿನಲ್ಲಿ ಸುಮ್ನೆ ನಡೆಯುವವರಿಗೆ ಈಗ ಮರ್ಯಾದೆ ಇಲ್ಲ. ಎದೆಗೂ ಬೆನ್ನಿಗೂ ಭಾರ ಕಟ್ಟಿಕೊಂಡಿರಬೇಕು. ಅದಕ್ಕೆಂದೇ ‘ವೆಯ್ಟೆಡ್ ವೆಸ್ಟ್’ ಎಂಬ ಕಪ್ಪು ಅಂಗಿ ಬಂದಿದೆ. ಒಳಗೆ ಮರಳೋ ಕಬ್ಬಿಣದ ತುಂಡೋ ಇರುತ್ತದೆ. ಅದನ್ನು ಮೂರನೇ ಮಹಡಿಗೆ ಹೊತ್ತು ತಂದುಕೊಟ್ಟ ಡೆಲಿವರಿ ಹುಡುಗನ ವ್ಯಾಯಾಮ ಮಾತ್ರ ಯಾವ ಆ್ಯಪಿನಲ್ಲೂ ಲೆಕ್ಕಕ್ಕಿಲ್ಲ.

ಪ್ರಯೋಜನ ಇಲ್ಲವೇ ಇಲ್ಲ ಅನ್ನುತ್ತಿಲ್ಲ. ಭಾರ ಹೊತ್ತು ನಡೆದರೆ ಏದುಸಿರು ಬರುತ್ತದೆ, ಎದೆಬಡಿತ ಏರುತ್ತದೆ, ಕ್ಯಾಲೊರಿಯೂ ಸ್ವಲ್ಪ ಜಾಸ್ತಿ ಕರಗುತ್ತದೆ. ಓಡಿದರೆ ಮಂಡಿಗೂ ಆ ಭಾರದ ಪಾಲು ಸಿಗುತ್ತದೆ. ಮೂಳೆ ಗಟ್ಟಿಯಾಗುತ್ತದೆ ಅಂತಲೂ ಮಾರುವವರು ಹೇಳುತ್ತಾರೆ. 2025ರಲ್ಲಿ ಅಮೆರಿಕದ ಒಂದು ಅಧ್ಯಯನ ಹೊರಬಂತು. ತೂಕ ಇಳಿಸಲು ಹೊರಟ 150 ಹಿರಿಯರಲ್ಲಿ ಒಂದು ಗುಂಪಿಗೆ ವರ್ಷವಿಡೀ ಈ ವೆಸ್ಟ್ ತೊಡಿಸಿ ನೋಡಿದರು. ಸೊಂಟದ ಮೂಳೆ ಸವೆಯುವುದು ನಿಲ್ಲಲಿಲ್ಲ. ಮೂಳೆಗೆ ಜಾಹೀರಾತು ಓದಲು ಬರುವುದಿಲ್ಲ, ಏನು ಮಾಡೋಣ?

ನನಗೆ ತುಂಬ ಹಿಡಿಸಿದ್ದು ತಜ್ಞರು ಹೇಳುವ ಎಚ್ಚರಿಕೆ. ಮೈತೂಕದ ಶೇ 5ರಿಂದ ಶುರು ಮಾಡಿ, ಶೇ 10 ದಾಟಬೇಡಿ, ಬೆನ್ನುನೋವಿದ್ದರೆ ಡಾಕ್ಟರನ್ನು ಕೇಳಿ. 80 ಕೆ.ಜಿ.ಯ ಅಪ್ಪ ಲೆಕ್ಕ ಹಾಕಿ ಸರಿಯಾಗಿ 8 ಕೆ.ಜಿ.ಗೆ ನಿಲ್ಲಿಸುತ್ತಾನೆ. ಅದೇ ಹೊತ್ತಿಗೆ 25 ಕೆ.ಜಿ.ಯ ಮಗ 6 ಕೆ.ಜಿ. ಬ್ಯಾಗು ಏರಿಸಿಕೊಂಡು, ಹಿಂದಕ್ಕೆ ಬೀಳದಂತೆ ಮುಂದಕ್ಕೆ ಬಾಗಿ, ಸ್ಕೂಲ್ ವ್ಯಾನ್ ಕಾಯುತ್ತಿರುತ್ತಾನೆ. ಹತ್ತು ಪರ್ಸೆಂಟಿನ ನಿಯಮ ಅವನಿಗೂ ಇದೆ, ಗೊತ್ತಾ? 2019ರಲ್ಲೇ ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿತ್ತು. ಒಂದು, ಎರಡನೇ ತರಗತಿಗೆ 2 ಕೆ.ಜಿ. ಮೀರಬಾರದು, ಹತ್ತನೇ ತರಗತಿಗೂ 5 ಕೆ.ಜಿ. ಮೀರಬಾರದು, ತಿಂಗಳ ಮೂರನೇ ಶನಿವಾರ ಬ್ಯಾಗೇ ಬೇಡ. ಸುತ್ತೋಲೆ ಮಾತ್ರ ತೀರಾ ಹಗುರ ಇತ್ತು. ಗಾಳಿಗೆ ಹಾರಿಹೋಯಿತು.

ಶಾಲೆಗಳು ಇದರಲ್ಲಿ ಇನ್ನೂ ದುಡ್ಡು ಕಂಡಿಲ್ಲ, ಅದೇ ಆಶ್ಚರ್ಯ. ಫೀಸಿನ ಚೀಟಿಯಲ್ಲಿ ‘ಮೂಳೆ ಬಲವರ್ಧನೆ’ ಅಂತ ಒಂದು ಸಾಲು ಸೇರಿಸಿದರೆ ಅಪ್ಪಂದಿರೇ ಕ್ಯೂ ನಿಲ್ಲುತ್ತಾರೆ. ಜಿಮ್‌ನವರಿಗೂ ದಾರಿ ಇದೆ. ಯಶವಂತಪುರದ ಮಾರ್ಕೆಟ್ಟಿಗೆ ಕರೆದೊಯ್ದು 50 ಕೆ.ಜಿ. ಮೂಟೆ ಹೊರಿಸಲಿ. ಹಮಾಲಿಗಳೇ ಕೋಚ್ ಆಗಿ ಗಂಟೆಗಿಷ್ಟು ಅಂತ ಕೇಳಲಿ. ಜನ ಖಂಡಿತ ಕೊಡುತ್ತಾರೆ. ಮೂಟೆ ಕಪ್ಪು ಬಣ್ಣದ್ದಾಗಿರಬೇಕು, ಫೋನ್ ಇಡಲು ಒಂದು ಜೇಬಿರಬೇಕು, ಅಷ್ಟೇ.