ನಿಮ್ಮ ರಿಸ್ಕ್ ನಿಮಗೆ, ನಮ್ಮ ಫೈಲ್ ನಮಗೆ

ಮಳೆಗಾಲದ ಪ್ರಕಟಣೆ ಬಂದಿದೆ. ನಮ್ಮ ಬೆಂಗಳೂರಲ್ಲಿ ಟೈಮಿಗೆ ಸರಿಯಾಗಿ ಬರೋದು ಅದೊಂದೇ. ಮರದ ಕೆಳಗೆ ನಿಲ್ಲಬೇಡಿ. ಕರೆಂಟ್ ಕಂಬ ಮುಟ್ಟಬೇಡಿ. ನೀರು ನಿಂತ ಅಂಡರ್‌ಪಾಸ್‌ಗೆ ಇಳಿಯಬೇಡಿ. ಹಳೇ ಗೋಡೆ ಪಕ್ಕ ಗಾಡಿ ನಿಲ್ಲಿಸಬೇಡಿ. ತೀರಾ ಅಗತ್ಯ ಇಲ್ಲದಿದ್ದರೆ ಮನೆಯಿಂದ ಹೊರಗೆ ಬರಬೇಡಿ.

ಎಂಥಾ ಕಾಳಜಿ ನೋಡಿ! ಹೆತ್ತವರೂ ಇಷ್ಟು ಸಲ 'ಬೇಡ' ಅಂದಿರಲಿಕ್ಕಿಲ್ಲ. ಎಲ್ಲವೂ ನಾವು ಮಾಡಬಾರದ ಕೆಲಸಗಳೇ. ಒಣಗಿದ ಕೊಂಬೆ ಕಡಿಯಬೇಕಾದವರು, ಚರಂಡಿ ಬಿಡಿಸಬೇಕಾದವರು, ಜೋತುಬಿದ್ದ ತಂತಿ ಬಿಗಿಯಬೇಕಾದವರು ಏನು ಮಾಡಬೇಕು ಅಂತ ಒಂದು ಸಾಲೂ ಇಲ್ಲ. ಚೌಲ್ಟ್ರಿ ಮುಂದೆ ತಗಡಿನ ಬೋರ್ಡ್ ಇರುತ್ತಲ್ಲ, 'ವಾಹನಗಳನ್ನು ಮಾಲೀಕರ ಸ್ವಂತ ಜವಾಬ್ದಾರಿಯಲ್ಲಿ ನಿಲ್ಲಿಸತಕ್ಕದ್ದು' ಅಂತ. ಅಂಥದ್ದೇ ಒಂದನ್ನು ಹೊಸೂರು ರೋಡಲ್ಲಿ, ಇನ್ನೊಂದನ್ನು ತುಮಕೂರು ರೋಡಲ್ಲಿ ಊರಿನ ಗಡಿಗೆ ನೆಟ್ಟುಬಿಟ್ಟರೆ ಪ್ರತಿ ವರ್ಷ ಪ್ರಕಟಣೆ ಬರೆಯೋ ಶ್ರಮವೂ ಉಳಿಯುತ್ತೆ.

2023ರ ಮೇ 21ರಂದು ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಒಬ್ಬ ಯುವತಿ ತೀರಿಹೋದರು. ವಿಧಾನಸೌಧಕ್ಕೆ ಅಲ್ಲಿಂದ ನಡೆದೇ ಹೋಗಬಹುದು. ಅದೇ ವರ್ಷ ನವೆಂಬರ್‌ನಲ್ಲಿ, ಹೋಪ್‌ಫಾರ್ಮ್ ಜಂಕ್ಷನ್ ಹತ್ತಿರ ಫುಟ್‌ಪಾತ್ ಮೇಲೆ ಬಿದ್ದಿದ್ದ ಕರೆಂಟ್ ತಂತಿ ತುಳಿದು ತಾಯಿ ಮತ್ತು ಕೈಗೂಸು ಸತ್ತರು. ಆಕೆ ಯಾವ ಕಂಬವನ್ನೂ ಮುಟ್ಟಿರಲಿಲ್ಲ. ಮರದ ಕೆಳಗೂ ನಿಂತಿರಲಿಲ್ಲ. ಫುಟ್‌ಪಾತ್ ಮೇಲೆ ನಡೀತಾ ಇದ್ದರು, ನಡೆಯಬೇಕಾದ ಜಾಗದಲ್ಲೇ. ಈಗ ಪ್ರಕಟಣೆಗೆ 'ಫುಟ್‌ಪಾತ್ ಮೇಲೆ ನಡೆಯಬೇಡಿ' ಅಂತ ಇನ್ನೊಂದು ಸಾಲು ಸೇರಿಸ್ತೀರಾ?

ಹಾಗಂತ ನಾವೇನು ಕಡಿಮೆಯಿಲ್ಲ. ಮೊಸರಿನ ಬಟ್ಟಲಷ್ಟು ಹೆಲ್ಮೆಟ್ ತಲೆ ಮೇಲಿಟ್ಟು, ಪಟ್ಟಿ ಹಾಕದೆ ಹೋಗೋ ಮಹನೀಯರನ್ನು ಕೇಳಿ ನೋಡಿ. ಆ ಹೆಲ್ಮೆಟ್ ತಲೆಗಲ್ಲ, 500 ರೂಪಾಯಿ ದಂಡಕ್ಕೆ. ದಂಡವೂ ಈಗ ಹಬ್ಬದ ಸೇಲ್‌ಗೆ ಬಂದಿದೆ. 2023ರಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ, 2025ರಲ್ಲಿ ಮತ್ತೆ ಅರ್ಧ. ಸಿಗ್ನಲ್ ಹಾರಿದ ದಿನವೇ ಕಟ್ಟಿದವನು ಪೂರ್ತಿ ದುಡ್ಡು ಕಳಕೊಂಡ. ಸುಮ್ನೆ ಕಾದವನು ಅರ್ಧ ಉಳಿಸಿದ. ರಿಸ್ಕ್ ತಗೊಂಡವನಿಗೇ ಲಾಭ ಅಂತ ಷೇರುಪೇಟೆಯಲ್ಲಿ ಹೇಳ್ತಾರಲ್ಲ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲೂ ಅದು ನಿಜ.

ಆಯುಧ ಪೂಜೆಯನ್ನು ಮಾತ್ರ ಬಿಡೋ ಹಾಗಿಲ್ಲ. ವರ್ಷವಿಡೀ ಬ್ರೇಕ್ ಲೈನರ್ ಬದಲಿಸದ ಗಾಡಿಗೆ ಅವತ್ತು ಬಾಳೆಕಂದು, ಸೇವಂತಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಆಮೇಲೆ ಅಪಘಾತ ಆಗದಿರಲಿ ಅಂತ ನಡುರಸ್ತೆಯಲ್ಲಿ ಬೂದುಗುಂಬಳಕಾಯಿ ಒಡೀತಾರೆ. ಒಳಗೆ ಕುಂಕುಮ, ಚಿಲ್ಲರೆ ಕಾಸು. ಅದರ ತಿರುಳಿನ ಮೇಲೆ ಹಿಂದೆ ಬಂದ ಸ್ಕೂಟರಿನವನು ಜಾರಿ ಬೀಳ್ತಾನೆ. ರಸ್ತೆಯಲ್ಲಿ ಒಡೆಯಬೇಡಿ ಅಂತ ಪೊಲೀಸರು ಕೇಳ್ಕೊಳ್ತಾರೆ, ನಾವು ಒಡೀತೀವಿ. ನಮ್ಮ ದೃಷ್ಟಿ ತೆಗೆದು ಇನ್ನೊಬ್ಬನ ಮೊಣಕಾಲಿಗೆ ಹಾಕಿದೆವು. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ರಿಸ್ಕ್ ಟ್ರಾನ್ಸ್‌ಫರ್ ಅಂತಾರೆ, ಕೋಟುಬೂಟು ಹಾಕಿಕೊಂಡು ಮಾಡ್ತಾರೆ.

ಕಂಪನಿಗಳ ವಿಷಯ ಬಂತಲ್ಲ. ಷೇರುಪೇಟೆಯ ಅತಿ ದೊಡ್ಡ 1000 ಕಂಪನಿಗಳಿಗೆ ರಿಸ್ಕ್ ಕಮಿಟಿ ಕಡ್ಡಾಯ ಅಂತ ಷೇರುಪೇಟೆ ನಿಯಂತ್ರಕ ಸೆಬಿ ಹೇಳಿದೆ. ರಿಸ್ಕ್ ನಿಭಾಯಿಸೋಕೆ ಐಎಸ್ಒ 31000 ಅನ್ನೋ ಅಂತರರಾಷ್ಟ್ರೀಯ ಮಾನದಂಡವೂ ಇದೆ, 2009ರಲ್ಲಿ ಬಂದು 2018ರಲ್ಲಿ ಪರಿಷ್ಕಾರಗೊಂಡಿದ್ದು. ಒಳ್ಳೆಯದೇ. ಆದರೆ ಆಫೀಸಿಗೆ ಇಳಿಯೋ ಹೊತ್ತಿಗೆ ಅದು ರಿಸ್ಕ್ ರಿಜಿಸ್ಟರ್ ಅನ್ನೋ ಎಕ್ಸೆಲ್ ಹಾಳೆಯಾಗಿರುತ್ತೆ. ಒಂದು ಕಡೆ ಸಾಧ್ಯತೆ, 1ರಿಂದ 5. ಇನ್ನೊಂದು ಕಡೆ ಪರಿಣಾಮ, ಅದೂ 1ರಿಂದ 5. ಗುಣಿಸಿ ಬಣ್ಣ ಹಚ್ಚಬೇಕು. 'ಬೆಂಕಿ' ಅನ್ನೋ ಸಾಲಿಗೆ 4 ಮತ್ತು 5 ಹಾಕಿದರೆ 20, ಕೆಂಪು. ಕೆಂಪು ಇದ್ದರೆ ಬೋರ್ಡ್ ಮೀಟಿಂಗ್‌ನಲ್ಲಿ ಪ್ರಶ್ನೆ ಬರುತ್ತೆ. ಪ್ರಶ್ನೆ ಬಂದರೆ ಉತ್ತರ ಬೇಕು, ಉತ್ತರಕ್ಕೆ ಬಜೆಟ್ ಬೇಕು. ಆಡಿಟ್ ಹಿಂದಿನ ರಾತ್ರಿ 4 ಹೋಗಿ 2 ಆಗುತ್ತೆ, 20 ಹೋಗಿ 10 ಆಗುತ್ತೆ, ಕೆಂಪು ಹೋಗಿ ಹಳದಿ. ಬೆಂಕಿ ಬೀಳೋ ಸಾಧ್ಯತೆ ಒಂದೇ ರಾತ್ರಿಯಲ್ಲಿ ಅರ್ಧಕ್ಕೆ ಇಳೀತು. ಒಂದು ಬಕೆಟ್ ಮರಳೂ ಖರ್ಚಾಗಲಿಲ್ಲ.

ಈ ವಿದ್ಯೆ ನಮ್ಮೂರಿನದ್ದು ಮಾತ್ರ ಅಂದ್ಕೋಬೇಡಿ. 1986ರಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದು ಏಳು ಜನ ಸತ್ತ ಮೇಲೆ ತನಿಖೆಗೆ ಕೂತ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಒಂದು ವಿಷಯ ಬರೆದಿಟ್ಟರು. ನೌಕೆ ಕೈಕೊಡೋ ಸಾಧ್ಯತೆ ಎಷ್ಟು ಅಂತ ಕೇಳಿದರೆ ಎಂಜಿನಿಯರ್‌ಗಳು 100ಕ್ಕೆ ಒಂದರ ಹತ್ತಿರದ ಲೆಕ್ಕ ಕೊಡ್ತಿದ್ದರಂತೆ. ಮ್ಯಾನೇಜರ್‌ಗಳ ಲೆಕ್ಕ 1 ಲಕ್ಷಕ್ಕೆ ಒಂದು. ಅಂದರೆ ದಿನಕ್ಕೊಂದು ನೌಕೆಯಂತೆ 300 ವರ್ಷ ಹಾರಿಸಿದರೂ ಒಂದೇ ಒಂದು ಹೋಗಬಹುದು! ಅಮೆರಿಕದ ಮ್ಯಾನೇಜರ್ ಆದರೇನು, ಆಡಿಟ್ ಹಿಂದಿನ ರಾತ್ರಿ ಎಲ್ಲರಿಗೂ ಒಂದೇ.

ಸಾಧ್ಯತೆ ಕಡಿಮೆ, ಪರಿಣಾಮ ಭಾರಿ ಅನ್ನೋ ಮೂಲೆಯೊಂದು ಆ ಹಾಳೆಯಲ್ಲಿರುತ್ತೆ. ಆರ್‌ಸಿಬಿ ಕಪ್ ಗೆಲ್ಲೋದನ್ನು ನಮ್ಮವರು ಅಲ್ಲೇ ಇಟ್ಟಿದ್ದರು ಅಂತ ಕಾಣುತ್ತೆ. 'ಈ ಸಲ ಕಪ್ ನಮ್ದೇ' ಅಂತ ವರ್ಷ ವರ್ಷ ಕೂಗಿದ ಊರು, ನಿಜವಾಗಿ ನಮ್ದೇ ಆದರೆ ಏನು ಮಾಡೋದು ಅಂತ ಒಂದು ದಿನವೂ ಯೋಚಿಸಿರಲಿಲ್ಲ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಗೆಲುವು. ಮಾರನೇ ದಿನವೇ ಇಲ್ಲಿ ಸಂಭ್ರಮ. ಸುಮಾರು 35 ಸಾವಿರ ಜನ ಹಿಡಿಯೋ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಲಕ್ಷಗಟ್ಟಲೆ ಜನ. ಗೇಟ್ ಹತ್ತಿರ ನೂಕುನುಗ್ಗಲಲ್ಲಿ 11 ಜನ ಸತ್ತರು. ಅಷ್ಟು ಜನ ಬರ್ತಾರೆ ಅಂತ ನಿರೀಕ್ಷೆ ಇರಲಿಲ್ಲವಂತೆ. ಯಾರಿಗಿರಲಿಲ್ಲ ಸ್ವಾಮಿ? ಹಿಂದಿನ ರಾತ್ರಿ ಪಟಾಕಿ ಸದ್ದಿಗೆ ನಿದ್ದೆ ಬರದ ನಮ್ಮ ಬೀದಿಯ ಅಜ್ಜಿಗೂ ಗೊತ್ತಿತ್ತು.

ಆಮೇಲೆ ಎಲ್ಲ ಚುರುಕಾಯಿತು. ಅಮಾನತು, ಆಯೋಗ, ಪರಿಹಾರ. ಮೊದಲು 10 ಲಕ್ಷ ಅಂದರು, ಮೂರೇ ದಿನದಲ್ಲಿ 25 ಲಕ್ಷ ಮಾಡಿದರು. ಸತ್ತ ಮೇಲೆ ಇಷ್ಟು ಬೇಗ ಲೆಕ್ಕ ಹಾಕೋಕೆ ಬರುತ್ತೆ. ಹಿಂದಿನ ದಿನ ಗೇಟ್ ಎಷ್ಟಿದೆ, ಅದರಲ್ಲಿ ಎಷ್ಟು ತೆಗೆದಿರುತ್ತೆ ಅಂತ ಎಣಿಸೋಕೆ ಬರಲ್ಲ. ಇದನ್ನೂ ನಗಿಸೋ ಹಾಗೆ ಬರೀಬೇಕು ಅಂದರೆ ಕಷ್ಟ.

ಇರಲಿ. ನಾನು ಕೂರೋ ಕಟ್ಟಡದಲ್ಲಿ ಮೊನ್ನೆ ಅಣಕು ಅಗ್ನಿ ಕಾರ್ಯಾಚರಣೆ ಆಯಿತು. ಎರಡು ದಿನ ಮೊದಲೇ ಇಮೇಲ್: ಬುಧವಾರ ಬೆಳಿಗ್ಗೆ 11.30ಕ್ಕೆ ಬೆಂಕಿ ಬೀಳುತ್ತದೆ, ಕ್ಲೈಂಟ್ ಕಾಲ್ ಇರುವವರಿಗೆ ವಿನಾಯಿತಿ. ಬುಧವಾರ 11.20ಕ್ಕೇ ಅರ್ಧ ಆಫೀಸು ಲಿಫ್ಟ್ ಹಿಡಿದು ಕೆಳಗಿಳಿದು ಕಾಫಿ ಕುಡೀತಾ ನಿಂತಿತ್ತು. ಉಳಿದವರು ಮೆಟ್ಟಿಲ ಕಡೆ ಹೊರಟೆವು. ತಾನಾಗಿ ಮುಚ್ಚಿಕೊಂಡು ಹೊಗೆ ತಡೀಬೇಕಾದ ಬಾಗಿಲು ಅದು. ಗಾಳಿ ಬರಲಿ ಅಂತ ಅದನ್ನು ಪೂರ್ತಿ ತೆಗೆದಿಟ್ಟಿದ್ದರು. ಅಡ್ಡ ಇಟ್ಟಿದ್ದು ಬೆಂಕಿ ಆರಿಸೋ ಸಿಲಿಂಡರ್. ನಾಲ್ಕನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ 20 ಲೀಟರಿನ ಖಾಲಿ ಕ್ಯಾನುಗಳು, ರಾಜ್ಯೋತ್ಸವದ ಥರ್ಮೋಕೋಲ್ ಭುವನೇಶ್ವರಿ, ನಾಲ್ಕೈದು ಮುರಿದ ಕುರ್ಚಿ. ತಾಯಿಗೆ ಕೈ ಮುಗಿದು ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದು ಇಳಿದೆವು. ಕೆಳಗೆ ಹೋದರೆ ಹೊರಬಾಗಿಲಿಗೆ ಬೀಗ. ಕಳ್ಳರ ಕಾಟವಂತೆ.

ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್ ನೆನಪಿದೆಯಾ? 2010ರ ಫೆಬ್ರವರಿ 23ರಂದು ಅಲ್ಲಿ ಬೆಂಕಿ ಬಿತ್ತು. ಹೊರಗೆ ಹೋಗೋ ದಾರಿ ಸಿಗದೆ ಜನ ಕಿಟಕಿ ಗಾಜು ಒಡೆದರು, ಕೆಲವರು ಮೇಲಿಂದ ಹಾರಿದರು. 9 ಜನ ಸತ್ತರು. ಅವರ ಮನೆಯವರೇ ಬಿಯಾಂಡ್ ಕಾರ್ಲ್‌ಟನ್ ಅಂತ ಸಂಸ್ಥೆ ಕಟ್ಟಿಕೊಂಡು, ಬೆಂಕಿ ಬಿದ್ದರೆ ಏನು ಮಾಡಬೇಕು ಅಂತ ನಮಗೆ ಹೇಳಿಕೊಡ್ತಾ ಬಂದಿದ್ದಾರೆ.

ಇದನ್ನೆಲ್ಲ ಅಡ್ಮಿನ್ ಸಾಹೇಬರಿಗೆ ಹೇಳಿದೆ. ಸಜ್ಜನರು, ಕೂರಿಸಿ ಕೇಳಿಸಿಕೊಂಡರು. ಬೀಗದ ವಿಷಯ ಸೆಕ್ಯುರಿಟಿ ಏಜೆನ್ಸಿಗೆ ಬರೆದಿದ್ದಾರಂತೆ, ರಿಜಿಸ್ಟರ್‌ನಲ್ಲೂ ಎಂಟ್ರಿ ಆಗಿದೆಯಂತೆ, ಹಳದಿ. ಕುರ್ಚಿಗಳದ್ದು ಮಾತ್ರ ಸ್ವಲ್ಪ ಕಷ್ಟ, ಅವಕ್ಕೆ ಅಸೆಟ್ ನಂಬರ್ ಇದೆ, ಬಿಸಾಡೋಕೆ ಮೂರು ಸಹಿ ಬೇಕು. ಎರಡು ಆಗಿದೆ. ಮೂರನೆಯದು ರಿಸ್ಕ್ ವಿಭಾಗದಿಂದ ಬರಬೇಕು.