ಫಿಸಿಯೋ ಕೆಲಸ ಬರೀ ಪಟ್ಟಿ ಕಟ್ಟುವುದಲ್ಲ
ಐರ್ಲೆಂಡ್‌ನ ಆಟವಾದ ಗೇಲಿಕ್ ಫುಟ್‌ಬಾಲ್ ಬಗ್ಗೆ ನಿಮ್ಮ ಲೇಖನದಲ್ಲಿ, ಫಿಸಿಯೋ (ಫಿಸಿಯೋಥೆರಪಿಸ್ಟ್) ಅಂದರೆ ಪೆಟ್ಟು ಬಿದ್ದಾಗ ಮೈದಾನಕ್ಕೆ ಓಡಿ ಬರುವವರು ಎಂಬಂತೆ ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಈ ಆಟಗಾರರಿಗೆ ಸಂಬಳವಿಲ್ಲ, ಕೌಂಟಿ (ಅಲ್ಲಿನ ಜಿಲ್ಲೆ) ತಂಡದವರಿಗೂ ಇಲ್ಲ. ಹಗಲು ಶಾಲೆಯಲ್ಲೋ ಹೊಲದಲ್ಲೋ ದುಡಿದು, ಸಂಜೆ ಅಭ್ಯಾಸಕ್ಕೆ ಬರುತ್ತಾರೆ. ದಣಿದ ಮೈ ಅದು. ಕೌಂಟಿ ಪಂದ್ಯ 70 ನಿಮಿಷ, ಓಡಿ ನಿಂತು ಮತ್ತೆ ಓಡುವ ಆಟ. ಜಾಸ್ತಿ ಕೈಕೊಡುವುದು ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸ್ನಾಯು. ನೋವು ಹೋಯಿತು ಅಂತ ಸುಮ್ನೆ ಬೇಗ ಆಡಿಸಿದರೆ ಅದೇ ಜಾಗ ಮತ್ತೆ ಹಿಡಿಯುತ್ತದೆ. ಕೋಚ್, ಫಿಸಿಯೋ ಎರಡೂ ಒಬ್ಬರೇ ಆದರೆ ಅನುಕೂಲ ಇಲ್ಲೇ. ಎಷ್ಟು ಓಡಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಒಂದೇ ತಲೆಯಲ್ಲಿರುತ್ತದೆ. ಆದರೆ ಫೈನಲ್ ವಾರದಲ್ಲಿ ತಂಡದ ಹೊಣೆ ಹೊತ್ತ ಮ್ಯಾನೇಜರ್ ಮುಂದೆ ‘ಇವನನ್ನು ಆಡಿಸೋದು ಬೇಡ’ ಅನ್ನಲು ಗುಂಡಿಗೆ ಬೇಕು, ಅಲ್ವಾ?